ಪಡಸಾಲೆಯ ರಾಕ್ಷಸ ಪಂಗಡಗಳು

ಯಾರನ್ನೂ ಥಟ್ಟನೆ ನಂಬುವ ಅಭ್ಯಾಸ ನನಗಿಲ್ಲ. ನನ್ನ ತವರು ಜುಗೂಳ. ಕೃಷ್ಣೆಯ ದಂಡೆಯಲ್ಲಿ ಬೆಳೆದವರಿಗೆ ಹೊಳೆ ಶಾಂತವಾಗಿದೆ ಎಂದರೆ ಮೊದಲು ಹುಟ್ಟುವುದು ಅನುಮಾನ. ನಿನ್ನೆ ಬಟ್ಟೆ ಒಗೆದ ಕಲ್ಲು ಇವತ್ತು ಕಾಣುವುದಿಲ್ಲ, ನಾಳೆ ನೀರು ಬದನೆ ಹೊಲದಲ್ಲಿ ನಿಂತಿರುತ್ತದೆ. ಹಾಗಾಗಿ ಮದುವೆಯಾಗಿ ಬೋರಗಾಂವಕ್ಕೆ ಬಂದಾಗ ಗಂಡನ ಮನೆಯ ಒಬ್ಬೊಬ್ಬರನ್ನೂ ಅಕ್ಕಿ ಆರಿಸಿದ ಹಾಗೆ ಆರಿಸಿ ನೋಡಿದೆ. ಅತ್ತೆಗೆ ಮಾತು ಕಡಿಮೆ, ಕಣ್ಣು ಚುರುಕು. ಗಂಡನಿಗೆ ಹುರುಪು ಹೆಚ್ಚು, ಮುಂದಾಲೋಚನೆ ಕಡಿಮೆ. ಇನ್ನು ನೆಗೆಣ್ಣಿ, ಅಂದರೆ ಭಾವನ ಹೆಂಡತಿ. ಆಕೆಯ ಮಾತೂ ಸಿಹಿ, ನಗೆಯೂ ಸಿಹಿ. ನನಗೆ ಗುಮಾನಿ ಬಂದದ್ದು ಆಕೆಯ ಮೇಲೇ. ಬೆಲ್ಲ ಇದ್ದಲ್ಲಿ ಇರುವೆ ಇದ್ದೇ ಇರುತ್ತದೆ ಎಂದು ನಮ್ಮವ್ವ ಕಳಿಸುವಾಗಲೇ ಹೇಳಿದ್ದಳು.

ತೊಂಬತ್ತರ ದಶಕದ ನಡುವೆ ಅಣ್ಣತಮ್ಮಂದಿರು ಬೇರೆಯಾದರು. ಪವರ್‌ಲೂಮುಗಳು ಭಾವನ ಪಾಲಿಗೆ ಹೋದವು, ಬೀದಿಗೆ ಬಾಗಿಲಿದ್ದ ದೊಡ್ಡ ಪಡಸಾಲೆ ನಮಗೆ ಬಂತು. ಅತ್ತೆ ನಮ್ಮ ಕಡೆ ಉಳಿದರು. ನಡುವೆ ಗೋಡೆ ಎದ್ದಿತು. ಗೋಡೆಯಾಚೆಯಿಂದ ಮಗ್ಗಗಳ ಖಟಖಟ ಮಾತ್ರ ಮೊದಲಿನ ಹಾಗೆಯೇ ಕೇಳುತ್ತಿತ್ತು. ಖಾಲಿ ಪಡಸಾಲೆ ನೋಡಿ ನೋಡಿ ಬೇಸರವಾಗಿ ನನ್ನ ಗಂಡ ಒಂದು ದಿನ ಇಚಲಕರಂಜಿಗೆ ಹೋದವರು ಒಂದು ಹಳೆಯ ಕಲರ್ ಟಿವಿ, ಒಂದು ವಿಡಿಯೋ ಗೇಮಿನ ಡಬ್ಬಿ, ನಾಲ್ಕಾರು ಕ್ಯಾಸೆಟ್ಟು ಹಿಡಿದುಕೊಂಡು ಬಸ್ಸಿಳಿದರು. ಮಗ್ಗದ ಮನೆಯಲ್ಲಿ ಆಟದ ಅಂಗಡಿ ಶುರುವಾಯಿತು. ಶಾಲೆ ಬಿಟ್ಟರೆ ಸಾಕು, ಊರ ಹುಡುಗರ ಚಪ್ಪಲಿ ನಮ್ಮ ಕಟ್ಟೆಯ ಮೇಲೆ ರಾಶಿ ಬೀಳುತ್ತಿದ್ದವು.

ಮೊದಲು ಮೋಟಾರು ಓಡಿಸುವ ಆಟ, ಇಟ್ಟಿಗೆ ಜೋಡಿಸುವ ಆಟ ಇದ್ದವು. ಅವನ್ನು ಕಂಡು ಯಾರ ಹೊಟ್ಟೆಯೂ ಉರಿಯಲಿಲ್ಲ. ಆಮೇಲೆ ಬಂತು ಬೂದು ಬಣ್ಣದ ಆ ಕ್ಯಾಸೆಟ್ಟು. ಮೇಲೆ ಬರೀ ಜಪಾನಿ ಅಕ್ಷರ. ಓದಬಲ್ಲವರು ಬೋರಗಾಂವದಲ್ಲಿ ಹೋಗಲಿ, ನಿಪ್ಪಾಣಿಯಲ್ಲೂ ಇರಲಿಲ್ಲ. ಜುಟ್ಟು ಕಟ್ಟಿ, ಸೊಂಟಕ್ಕೆ ಜೋಡಿ ಕತ್ತಿ ಸಿಕ್ಕಿಸಿಕೊಂಡ ಒಬ್ಬ ಆಳು ಒಂಟಿಯಾಗಿ ಊರೂರು ತಿರುಗುತ್ತಾನೆ. ಅಂಥವನಿಗೆ ಸಮುರಾಯಿ ಎನ್ನುತ್ತಾರೆ ಎಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ನಮ್ಮ ಹುಡುಗರು ಅವನನ್ನು ಸರದಾರ ಎಂದರು, ನಾವೂ ಅದನ್ನೇ ಅಂದೆವು.

ಸರದಾರನ ವೈರಿಗಳು ಮನುಷ್ಯರಲ್ಲ, ರಾಕ್ಷಸರು. ಅವರಲ್ಲೂ ಪಂಗಡಗಳು. ಗುಡ್ಡದಲ್ಲಿ ಕೆಂಪು ಮಾರಿಯವರು, ಮಾರಿ ಅಂದರೆ ನಮ್ಮ ಕಡೆ ಮುಖ. ಕೋಡು, ಕೋರೆಹಲ್ಲು, ಕೈಯಲ್ಲಿ ಮುಳ್ಳಿನ ಗದೆ. ಹಾಳು ಕೋಟೆಯಲ್ಲಿ ತಲೆಯಿಲ್ಲದವರು; ಬರೀ ಕವಚ, ಹರಿದ ನಿಶಾನೆ, ಸಾಲುಗಟ್ಟಿ ನಡೆಯುತ್ತಾರೆ. ನೀರಲ್ಲಿ ಹೊಳೆಯವರು, ಕಪ್ಪೆಯ ಮುಖ, ನೆತ್ತಿಯ ಮೇಲೆ ಬಟ್ಟಲಿನಂಥ ತಗ್ಗು, ಅದರಲ್ಲಿ ನೀರು. ಆ ನೀರು ಚೆಲ್ಲಿದರೆ ಅವರ ಕಸುವೆಲ್ಲ ಹೋಗುತ್ತದೆ. ನಾಲ್ಕನೆಯವರು ನರಿ ಹೆಂಗಸರು. ಅವರ ವಿಷಯ ಬೇರೆ. ನಮ್ಮ ಸೀಮೆಯಲ್ಲಿ ಆಗಾಗ ಸಕ್ಕರೆ ಕಾರಖಾನೆಯ ಚುನಾವಣೆ ನಡೆಯುತ್ತಿದ್ದುದರಿಂದ ಹುಡುಗರು ಪಂಗಡಗಳನ್ನು ಪ್ಯಾನೆಲ್ ಎನ್ನುತ್ತಿದ್ದರು. ಕೆಂಪು ಮಾರಿ ಪ್ಯಾನೆಲ್, ಹೊಳಿ ಪ್ಯಾನೆಲ್.

ಪ್ಯಾನೆಲ್ಲುಗಳಿಗೆ ಸರದಾರನ ಮೇಲೆ ಎಷ್ಟು ಸಿಟ್ಟೋ ಒಬ್ಬರ ಮೇಲೊಬ್ಬರಿಗೆ ಅದಕ್ಕಿಂತ ಒಂದು ಕೈ ಹೆಚ್ಚು. ಗುಡ್ಡದವನನ್ನು ಹೊಡೆದು ಬಂದರೆ ಹೊಳೆಯವರು ಸುಮ್ಮನೆ ಸೇತುವೆ ದಾಟಲು ಬಿಡುತ್ತಿದ್ದರು. ಗುಡ್ಡದವರನ್ನು ಬೆನ್ನಿಗೆ ಹಚ್ಚಿಕೊಂಡು ಓಡಿ ಓಡಿ ನೀರಿನ ತನಕ ತಂದು ನಿಲ್ಲಿಸಿದರೆ ಎರಡೂ ಪಂಗಡ ತಾವೇ ಬಡಿದಾಡಿಕೊಳ್ಳುತ್ತಿದ್ದವು. ಇದೆಲ್ಲ ನನಗೆ ಹೇಗೆ ಗೊತ್ತು ಎಂದರೆ ನಾನೂ ಆಡುತ್ತಿದ್ದೆ. ಮಧ್ಯಾಹ್ನ ಊಟದ ಹೊತ್ತಿಗೆ ಅಂಗಡಿಯ ಬಾಗಿಲು ಹಾಕಿದಾಗ ರಿಮೋಟು ನನ್ನ ಕೈಗೆ ಬರುತ್ತಿತ್ತು. ಚೆನ್ನಾಗಿಯೇ ಆಡುತ್ತಿದ್ದೆ, ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ನರಿ ಹೆಂಗಸರನ್ನು ಹಿಡಿಯುವುದರಲ್ಲಂತೂ ನನ್ನ ಮುಂದೆ ಯಾರೂ ಇಲ್ಲ. ಅವರು ಬರುವುದು ಊರ ಹೆಂಗಸಿನ ರೂಪದಲ್ಲಿ. ದಾರಿಯಲ್ಲಿ ಕೂತು ಕೈ ಮುಗಿಯುತ್ತಾರೆ, ಕೊಡ ಎತ್ತಲು ಕರೆಯುತ್ತಾರೆ. ಹತ್ತಿರ ಹೋದರೆ ಮುಗಿಯಿತು. ಹುಡುಗರು ದಿನಾ ಮೋಸ ಹೋಗುತ್ತಿದ್ದರು, ನನ್ನ ಗಂಡನಂತೂ ಕರೆದ ಕಡೆಗೆಲ್ಲ ಹೋಗಿ ಸಾಯುತ್ತಿದ್ದರು. ನಾನು ನೆರಳು ನೋಡುತ್ತಿದ್ದೆ. ನಿಜವಾದ ಹೆಂಗಸಿನ ನೆರಳು ಜೊತೆಗೇ ನಡೆಯುತ್ತದೆ, ನರಿಯ ನೆರಳು ಒಂದು ಚಣ ಹಿಂದೆ. ಅತ್ತೆ ನಡುಮನೆಯ ಬಾಗಿಲಲ್ಲಿ ಮೊರ ಹಿಡಿದು ಕೂತು, ಕೈ ಕಾಳಿನ ಮೇಲೆ, ಕಣ್ಣು ಟಿವಿಯ ಮೇಲೆ ಇಟ್ಟಿರುತ್ತಿದ್ದರು.

“ಆಕಿ ನರಿನ ಹೌದಿಲ್ಲೋ?” ಎಂದು ಮೆಲ್ಲಗೆ ಕೇಳುತ್ತಿದ್ದರು.

“ನರಿನ ರಿ ಅತ್ತಿ. ನೆರಳ ನೋಡ್ರಿ.”

“ನಿನಗ ಮನಷ್ಯಾರ ಸೈತ ನರಿಗತೆ ಕಾಣ್ತಾರ” ಎಂದು ಕಾಳಿನಲ್ಲಿ ಕಲ್ಲು ಹುಡುಕುತ್ತಿದ್ದರು.

ಅದೇ ವರ್ಷ ಮಳೆಗಾಲದ ನಾಲ್ಕು ತಿಂಗಳ ಚಾತುರ್ಮಾಸಕ್ಕೆ ಒಬ್ಬ ದಿಗಂಬರ ಮುನಿಗಳು ನಮ್ಮೂರ ಬಸದಿಯಲ್ಲಿ ನಿಂತರು. ನಾವು ಜೈನರು ಅವರನ್ನು ಮಹಾರಾಜರು ಎನ್ನುತ್ತೇವೆ. ಅವರಿಗೆ ದಿನಕ್ಕೆ ಒಂದೇ ಊಟ. ಅದೂ ನಿಂತು, ಎರಡು ಅಂಗೈಯ ಬೊಗಸೆಯಲ್ಲಿ. ನೀರೂ ಆಗಲೇ ಕುಡಿಯಬೇಕು. ಯಾರೂ ಅವರನ್ನು ಮೊದಲೇ ಊಟಕ್ಕೆ ಕರೆಯುವ ಹಾಗಿಲ್ಲ. ಬಸದಿಯಿಂದ ಹೊರಡುವಾಗ ಅವರು ಮನಸ್ಸಿನಲ್ಲಿ ಒಂದು ಗುರುತು ಇಟ್ಟುಕೊಳ್ಳುತ್ತಾರೆ. ಜೋಡಿ ತೆಂಗಿನಕಾಯಿ ಹಿಡಿದವರು ಕಂಡರೆ ನಿಲ್ಲುವೆ, ಹಳದಿ ಸೀರೆಯ ಮುದುಕಿ ಕಂಡರೆ ನಿಲ್ಲುವೆ, ಹೀಗೆ ಏನೋ ಒಂದು. ಅದಕ್ಕೆ ವಿಧಿ ಎನ್ನುತ್ತಾರೆ. ಅದನ್ನು ಯಾರಿಗೂ ಹೇಳುವುದಿಲ್ಲ. ಮಡಿಯಲ್ಲಿ ಅಡುಗೆ ಮಾಡಿದ ಮನೆಯವರು ಬಾಗಿಲಲ್ಲಿ ಕಳಶ, ಕಾಯಿ, ಹಣ್ಣು ಹಿಡಿದು ಕಾಯುತ್ತಾರೆ. ವಿಧಿ ಕೂಡಿದ ಮನೆಯ ಮುಂದೆ ಅವರು ನಿಲ್ಲುತ್ತಾರೆ. ಎಲ್ಲೂ ಕೂಡದಿದ್ದರೆ ಹಸಿದೇ ಬಸದಿಗೆ ಮರಳುತ್ತಾರೆ.

ಅತ್ತೆಗೆ ಒಂದೇ ಆಸೆ ಇತ್ತು. ತಮ್ಮ ಒಲೆಯ ಅಡುಗೆಯನ್ನು ತಮ್ಮ ಕೈಯಿಂದ ಮಹಾರಾಜರ ಬೊಗಸೆಗೆ ಒಮ್ಮೆ ಇಡಬೇಕು. ಅವರ ಕಣ್ಣಿಗೆ ಪೊರೆ ಬರುತ್ತಿತ್ತು, ಕೈ ನಡುಗಲು ಶುರುವಾಗಿತ್ತು. ಮುಂದಿನ ಚಾತುರ್ಮಾಸ ಯಾವ ಊರಲ್ಲೋ, ತಾವು ಇರುತ್ತೇವೋ ಇಲ್ಲವೋ ಎಂಬ ಲೆಕ್ಕ ಅವರದು. ಬೆಳಿಗ್ಗೆ ಎದ್ದು ಬಾವಿಯ ನೀರು ಸೋಸಿ, ಹಿಟ್ಟು ತಾವೇ ಬೀಸಿ, ನನ್ನನ್ನು ಒಲೆಯ ಮುಂದೆ ಕೂರಿಸುತ್ತಿದ್ದರು. ಹೊತ್ತಿಗೆ ಸರಿಯಾಗಿ ಮಹಾರಾಜರು ಬಲಗೈಯ ಬೆರಳು ಕೂಡಿಸಿ ಹೆಗಲಿಗೆ ಹಚ್ಚಿಕೊಂಡು ನಮ್ಮ ಬೀದಿಗೆ ಬರುತ್ತಿದ್ದರು. ನಾವು “ನಮೋಸ್ತು, ನಮೋಸ್ತು, ಅತ್ರ ತಿಷ್ಠ, ತಿಷ್ಠ” ಎಂದರೆ ಇಲ್ಲಿ ನಿಲ್ಲಿರಿ ಎಂದು ಕರೆದು, ಮನಶುದ್ಧಿ, ವಚನಶುದ್ಧಿ ಎಂದು ನಮ್ಮ ಶುದ್ಧಿಯನ್ನೂ ಹೇಳುತ್ತಿದ್ದೆವು. ಅವರು ನಮ್ಮ ಬಾಗಿಲ ಕಡೆ ಒಮ್ಮೆ ನೋಡಿ ಮುಂದೆ ಹೋಗುತ್ತಿದ್ದರು. ಮೊದಲ ವಾರವೇ ಗೋಡೆಯಾಚೆ ನೆಗೆಣ್ಣಿಯ ಬಾಗಿಲಲ್ಲಿ ನಿಂತರು.

ಒಂದು ದಿನ ಬಿಟ್ಟರು, ಎರಡು ದಿನ ಬಿಟ್ಟರು ಎಂದರೆ ವಿಧಿ ಕೂಡಲಿಲ್ಲ ಎನ್ನಬಹುದು. ಆ ಬೀದಿಯ ಮನೆಗಳೆಲ್ಲ ಮುಗಿದು ನಮ್ಮದೊಂದೇ ಉಳಿದಾಗ ಜನರ ಕಣ್ಣು ಬೇರೆಯಾಯಿತು. ಬಾವಿಯ ಕಟ್ಟೆಗೆ ಹೋದರೆ ನಡೆಯುತ್ತಿದ್ದ ಮಾತು ನಿಲ್ಲುತ್ತಿತ್ತು. ನಿಂತ ಮಾತು ಯಾವುದು ಎಂದು ತಿಳಿಯಲಾರದಷ್ಟು ನಾನೇನು ಕೂಸಲ್ಲ. ಒಂದು ದಿನ ನೆಗೆಣ್ಣಿಯೇ ಬಂದು ಅತ್ತೆಯ ಪಕ್ಕದಲ್ಲಿ ಕೂತಳು.

“ಅತ್ತಿ, ಮಂದಿ ಏನೇನೋ ಅಂತಾರ, ನೀವು ಮನಸಿಗೆ ಹಚಗೋಬ್ಯಾಡ್ರಿ” ಎಂದಳು.

“ಏನ ಅಂತಾರ?”

“ಮನ್ಯಾಗ ದಿನಾ ರಾಕ್ಷಸ್ರನ್ನ ಕಡ್ಯಾಕತ್ತಾರ, ಆ ಬಾಗಲಕ ಮಹಾರಾಜ್ರು ಹೆಂಗ ನಿಂದರ್ತಾರ ಅಂತ. ನಾ ಅಲ್ರಿ, ಮಂದಿ. ನೀವು ಬೇಕಾದ್ರ ನಮ್ಮ ಮನ್ಯಾಗ ಬಂದ ನಿಂದರ್ರಿ. ನಿಮ್ಮ ಕೈಲೆನ ಕೊಡೂವಂತ್ರಿ.”

ನನ್ನ ಮೈ ಉರಿಯಿತು. ಮಂದಿ ಅಂತಾರಂತೆ. ಮಂದಿಗೆ ಬಾಯಿ ಕೊಟ್ಟವರು ಯಾರು? ಅಳುಕು ತೋರಿಸಿ, ಸೆರಗು ಸರಿಮಾಡಿ, ಕಡ್ಡಿ ಗೀರಿ ಹೋಗುವ ಆ ನಯ ನೋಡಿ ನಾನು ಆಕೆಯ ನೆರಳು ನೋಡಿದೆ. ನಿಜವಾಗಿಯೂ ನೋಡಿದೆ. ಅತ್ತೆ ಮಾತ್ರ, “ಈ ಒಲಿ ಮ್ಯಾಲೆ ಮಾಡಿದ್ದ ಕೊಡಬೇಕು ಅಂತ ಐತಿ ನನಗ” ಎಂದು ಹೇಳಿ ಆಕೆಯನ್ನು ಕಳಿಸಿದರು.

ಮಾತು ಬಸದಿಗೂ ಮುಟ್ಟಿತು. ಒಂದು ಮಧ್ಯಾಹ್ನ ಬಸದಿಯ ಪೂಜೆ ಮಾಡುವ ಉಪಾಧ್ಯರು ಕೊಡೆ ಹಿಡಿದು ಬಂದರು. ಅವರನ್ನು ಕಳಿಸಿದವರು ಯಾರು ಎಂದು ನಾನು ಗೋಡೆಯ ಕಡೆ ನೋಡಿದೆ. ಅವರು ಬೆಂಚಿನ ಮೇಲೆ ಕೂತು, “ಹಚ್ಚಪಾ, ನೋಡೂಣು ಯಾವ ರಾಕ್ಷಸ್ರು ಅದಾರ” ಎಂದರು. ನನ್ನ ಗಂಡ ಆಟ ಹಚ್ಚಿದರು.

“ಇವ್ರು ಕೆಂಪ ಮಾರಿಯವ್ರ್ರಿ. ರಾಕ್ಷಸ್ರು.”

“ರಾಕ್ಷಸ್ರು ಅನಬ್ಯಾಡ. ನಮ್ಮ ಶಾಸ್ತ್ರದಾಗ ರಾಕ್ಷಸ ಅನ್ನೂದು ಒಂದ ವಂಶದ ಹೆಸರು. ಅವ್ರು ವಿದ್ಯಾಧರರು, ನಮ್ಮಂಗ ಮನಷ್ಯಾರ. ಇವಕ್ಕ ಕೋಡ ಅದಾವಲ್ಲ, ಇವು ವ್ಯಂತರ ಇರಬೇಕು.”

ವ್ಯಂತರರೆಂದರೆ ಗುಡ್ಡ, ಗಿಡ, ಹಾಳುಮನೆಗಳಲ್ಲಿ ಇರುವ ದೇವಯೋನಿಯ ಜೀವಗಳು. ಅವುಗಳಲ್ಲೂ ಯಕ್ಷ, ಭೂತ, ಪಿಶಾಚ ಎಂದು ಪಂಗಡಗಳಿವೆ. ಉಪಾಧ್ಯರು ಕನ್ನಡಕ ಏರಿಸಿಕೊಂಡು ಒಂದೊಂದು ಪ್ಯಾನೆಲ್ಲನ್ನೂ ವಿಂಗಡಿಸತೊಡಗಿದರು. ತಲೆಯಿಲ್ಲದವರು ಭೂತರಲ್ಲಿ ಸೇರಿದರು. ನರಿ ಹೆಂಗಸರ ವಿಷಯದಲ್ಲಿ ಬಹಳ ಹೊತ್ತು ಯೋಚಿಸಿ ಪಿಶಾಚ ಎಂದರು. ಹೊಳೆಯವರ ನೆತ್ತಿಯ ನೀರು ಅವರನ್ನು ಗಲಿಬಿಲಿ ಮಾಡಿತು. ಇನ್ನೊಮ್ಮೆ ತೋರಿಸು ಎಂದು ಎರಡು ಸಲ ಕೇಳಿದರು. ತನಿಖೆಗೆ ಬಂದವರು ಆಟಕ್ಕೆ ಕೂತಂತೆ ಕಾಣುತ್ತಿದ್ದರು. ಕೊನೆಗೆ ಗಂಟಲು ಸರಿಮಾಡಿಕೊಂಡು, “ಎಲ್ಲಾ ಜೀವನ ಅದಾವು” ಎಂದು ತೀರ್ಪು ಕೊಟ್ಟರು.

“ಜೀವ ಎಲ್ಲಿವ್ರಿ ಉಪಾಧ್ಯರ,” ಎಂದರು ನನ್ನ ಗಂಡ. “ಅವು ಕರೆಂಟ್. ಕರೆಂಟ್ ಹೋತಂದ್ರ ಅವೂ ಹೋಗ್ತಾವು.”

“ಅದು ನನಗೂ ಗೊತ್ತೈತಿ. ಆದ್ರ ಆಡಾಂವ ಕರೆಂಟ್ ಕಡೀತೇನಿ ಅಂತ ಕಡ್ಯಾಂಗಿಲ್ಲಲ್ಲ. ಜೀವ ಕಡೀತೇನಿ ಅಂತನ ಕಡೀತಾನ. ಪಾಪ ಕತ್ತಿಗೆ ಹತ್ತೂದಿಲ್ಲ, ಮನಸಿಗೆ ಹತ್ತತೈತಿ.”

ನನಗೆ ಸುಮ್ಮನಿರಲಾಗಲಿಲ್ಲ. ಬಾಗಿಲ ಹಿಂದಿನಿಂದಲೇ ಹೇಳಿದೆ. “ಕಡೀದನೂ ಆಡಬಹುದ್ರಿ. ಒಂದ ಪಂಗಡದವ್ರನ್ನ ಓಡಿಸಿಕೊಂಡ ಬಂದ ಇನ್ನೊಂದ ಪಂಗಡದ ಮ್ಯಾಲೆ ಬಿಟ್ರ ತಾವ ಬಡದಾಡಿ ಸಾಯ್ತಾವು. ಸರದಾರ ಕತ್ತಿ ತಗಿಯೂದ ಇಲ್ಲ.”

“ತಂಗಿ, ತಾ ಮಾಡೂದು, ಇನ್ನೊಬ್ರ ಕೈಲೆ ಮಾಡಸೂದು, ಮಾಡೂದನ್ನ ನೋಡಿ ಹೂಂ ಅನ್ನೂದು, ಮೂರೂ ಒಂದ ತೂಕ” ಎಂದು ಉಪಾಧ್ಯರು ಕೊಡೆ ಎತ್ತಿಕೊಂಡರು.

ಆಡುವ ಹುಡುಗರು ಮಾಡುವವರು. ಅಂಗಡಿ ಇಟ್ಟ ನನ್ನ ಗಂಡ ಮಾಡಿಸುವವರು. ಮೊರ ಹಿಡಿದು ನೋಡಿದವರು ಹೂಂ ಅಂದವರು. ನಡುಮನೆಯ ಬಾಗಿಲಲ್ಲಿ ಕೂತಿದ್ದ ಅತ್ತೆ ಮೊರ ಕೆಳಗಿಟ್ಟು ಒಳಗೆ ಎದ್ದು ಹೋದರು. ಅಂದಿನಿಂದ ಟಿವಿಯ ಕಡೆಗೆ ಬೆನ್ನು ಹಾಕಿ ಕೂರಲು ಶುರುಮಾಡಿದರು.

ನನ್ನ ಗಂಡನಿಗೆ ತಾಯಿಯ ಮುಖ ನೋಡಲಾಗಲಿಲ್ಲ. ಮೊದಲು, ಮಹಾರಾಜರ ಆಹಾರ ಮುಗಿಯುವ ತನಕ ಅಂಗಡಿ ತೆರೆಯಬಾರದು ಎಂದರು. ಮಹಾರಾಜರು ನಿಲ್ಲಲಿಲ್ಲ. ಆಮೇಲೆ ನರಿ ಹೆಂಗಸರೇ ಅಪಶಕುನ ಇರಬೇಕು, ಆ ಸೀಮೆಗೆ ಯಾರೂ ಹೋಗಬಾರದು ಎಂದು ಹುಡುಗರಿಗೆ ಕಟ್ಟಪ್ಪಣೆ ಮಾಡಿದರು. ನಿಲ್ಲಲಿಲ್ಲ. ತಲೆಯಿಲ್ಲದವರ ಮೇಲೆ ಅನುಮಾನ ಬಂತು, ಕೋಟೆ ಬಂದ್ ಆಯಿತು. ಕೊನೆಗೆ ಕ್ಯಾಸೆಟ್ಟನ್ನೇ ತೆಗೆದು ಅಟ್ಟದ ಮೇಲೆ ಒಗೆದು, ಟಿವಿಗೆ ಚಾದರ ಹೊದಿಸಿದರು. ಹುಡುಗರು ಬಂದು ಬಂದು ಹಣಿಕಿ ಹೋದರು. ಮಹಾರಾಜರು ಆಗಲೂ ನಮ್ಮ ಬಾಗಿಲು ದಾಟಿಯೇ ಹೋದರು. ದೀಪಾವಳಿ ಹತ್ತಿರ ಬರುತ್ತಿತ್ತು. ಅದು ಕಳೆದರೆ ಚಾತುರ್ಮಾಸ ಮುಗಿಯಿತು, ಮಹಾರಾಜರು ಹೊರಟರು.

ರಾಕ್ಷಸರ ಸರದಿ ಮುಗಿದ ಮೇಲೆ ಅನುಮಾನ ಮನುಷ್ಯರಿಗೆ ಹತ್ತಿತು. ಅತ್ತೆ ಒಂದು ದಿನ ರೊಟ್ಟಿ ಬಡಿಯುತ್ತಿದ್ದ ನನ್ನ ಪಕ್ಕದಲ್ಲಿ ಕೂತು ಕೇಳಿಯೇಬಿಟ್ಟರು.

“ಬಾಗಲದಾಗ ನಿಂತ ಮನಶುದ್ಧಿ ಅಂತ ಬಾಯಿಲೆ ಅಂತಿ. ಒಳಗ ಆಚಿ ಮನಿ ಅಕ್ಕನ ಮ್ಯಾಲೆ ಕುದಿಯಾಕತ್ತಿ. ಅದಕ್ಕ ನಿಂದರವಲ್ರೇನೋ.”

“ಕುದೀಲಿಲ್ಲಂದ್ರ ಅಡಿಗಿ ಆಗೂದಿಲ್ರಿ ಅತ್ತಿ” ಎಂದೆ.

ಅಂದದ್ದು ತಪ್ಪು ಎಂದು ನನಗೆ ಇವತ್ತಿಗೂ ಅನ್ನಿಸಿಲ್ಲ. ಆದರೆ ಅವರು ನಗಲಿಲ್ಲ, ಬೈಯಲೂ ಇಲ್ಲ. ಕಣ್ಣು ಒರೆಸಿಕೊಂಡು ಹಿಟ್ಟು ಮುಂದೆ ತಳ್ಳಿದರು. ಆ ಮುದುಕಿಯ ಮೇಲೆ ನನಗೆ ಎಷ್ಟು ಸಿಟ್ಟು ಬಂತೋ ಅಷ್ಟೇ ಸಂಕಟವೂ ಆಯಿತು. ಮಹಾರಾಜರು ಒಂದು ಸಲ ನಿಂತುಬಿಡಲಿ, ಈಕೆಯ ಆಸೆ ತೀರಲಿ ಎಂದು ಮನಸ್ಸಿನಲ್ಲೇ ಹರಕೆಯಂತೆ ಅಂದುಕೊಂಡೆ.

ದೀಪಾವಳಿಗೆ ಇನ್ನು ಸ್ವಲ್ಪ ದಿನ ಇರುವಾಗ ಅವರು ನಿಂತರು. ಅಂದು ವಿಶೇಷವೇನೂ ಇರಲಿಲ್ಲ. ನನ್ನ ಕೈಯಲ್ಲಿ ಕಳಶ, ಅತ್ತೆಯ ಕೈಯಲ್ಲಿ ಒಂದು ಕಾಯಿ, ನನ್ನ ಗಂಡನ ಕೈಯಲ್ಲಿ ನಾಲ್ಕು ಬಾಳೆಹಣ್ಣು. ಎಷ್ಟೋ ದಿನ ಹಾಗೆಯೇ ನಿಂತಿದ್ದೆವು. ಯಾವ ವಿಧಿ ಕೂಡಿತೋ ಇವತ್ತಿಗೂ ಗೊತ್ತಿಲ್ಲ. ಮಹಾರಾಜರು ನಮ್ಮ ಕಟ್ಟೆಯ ಮುಂದೆ ಬಂದು ನಿಂತಾಗ ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅತ್ತೆಯೇ ಮೊದಲು ಎಚ್ಚರವಾಗಿ ಪ್ರದಕ್ಷಿಣೆ ಹಾಕಿದರು. ಮನಶುದ್ಧಿ, ವಚನಶುದ್ಧಿ, ಕಾಯಶುದ್ಧಿ, ಆಹಾರ ಜಲ ಶುದ್ಧ ಎಂದು ಮೂವರೂ ಹೇಳಿ ಅವರನ್ನು ಒಳಗೆ ಕರೆದುಕೊಂಡೆವು.

ನಿಂತರೆ ಮುಗಿಯಿತು ಎನ್ನುವ ಹಾಗಿಲ್ಲ. ಉಣ್ಣುವಾಗ ಕೂದಲು ಸಿಕ್ಕರೆ, ಇರುವೆ ಸತ್ತರೆ, ಕಡಿ ಕೊಲ್ಲು ಎಂಬ ಮಾತು ಕಿವಿಗೆ ಬಿದ್ದರೆ, ಅಳು ಕೇಳಿದರೆ ಅದು ಅಂತರಾಯ. ಅಲ್ಲಿಗೇ ಬೊಗಸೆ ಬಿಚ್ಚುತ್ತಾರೆ, ಮರುದಿನದವರೆಗೆ ನೀರೂ ಮುಟ್ಟುವುದಿಲ್ಲ. ನನ್ನ ಜೀವ ಪಡಸಾಲೆಯ ಕಡೆಗೇ ಇತ್ತು. ಹುಡುಗರಿಗೆ ಶಾಲೆ ರಜೆ. ಯಾವನಾದರೂ ಅಭ್ಯಾಸಬಲದಿಂದ ಬಂದು ಕಟ್ಟೆಯ ಮೇಲಿಂದ “ಕಡಿ ಅವನ್ನ” ಎಂದು ಕೂಗಿದರೆ ಏನು ಗತಿ? ಗಂಡನಿಗೆ ಕಣ್ಣು ಸನ್ನೆ ಮಾಡಿದೆ. ಅವರು ಮೆಲ್ಲಗೆ ಹೊರಗೆ ಹೋಗಿ ಬೀದಿಯ ತುದಿಯಲ್ಲೇ ಹುಡುಗರನ್ನು ತಡೆದು ನಿಂತರು. ಗೋಡೆಯಾಚೆ ಮಗ್ಗದ ಸದ್ದೂ ನಿಂತಿತು. ಭಾವನ ಮನೆಯವರು ಬೇಕೆಂದೇ ನಿಲ್ಲಿಸಿದ್ದರು. ಯಾಕೆ ನಿಲ್ಲಿಸಿದರು, ಒಳಗಿನದ್ದು ಕಿವಿಗೊಟ್ಟು ಕೇಳುವುದಕ್ಕೋ ಎಂದು ನನಗೆ ಅದರಲ್ಲೂ ಅನುಮಾನ ಬಂತು.

ಮಹಾರಾಜರು ಬೊಗಸೆ ಒಡ್ಡಿದರು. ಮೊದಲು ಬಿಸಿನೀರು, ಆಮೇಲೆ ಹಾಲು. ನಾನು ಪಾತ್ರೆ ಹಿಡಿದಿದ್ದೆ, ಅತ್ತೆ ಕೊಡುತ್ತಿದ್ದರು. ಆಶ್ಚರ್ಯವೆಂದರೆ ಅವರ ಕೈ ನಡುಗಲಿಲ್ಲ. ರೊಟ್ಟಿಯ ತುಣುಕನ್ನು ಬೇಳೆಯಲ್ಲಿ ಅದ್ದಿ ಇಟ್ಟರು. ಮಹಾರಾಜರು ನೋಡಿ, ಹೆಬ್ಬೆರಳಿನಿಂದ ತಡವಿ, ಬಾಯಿಗೆ ಒಯ್ದರು. ಇನ್ನೊಂದು ತುತ್ತು ಇಟ್ಟರು. ಪೊರೆ ಬಂದ ಕಣ್ಣಿಗೆ ಕಾಣಲೆಂದು ಅತ್ತೆ ಬೊಗಸೆಯ ತೀರಾ ಹತ್ತಿರ ಬಗ್ಗಿದರು. ಬಗ್ಗಿದವರು ಹಾಗೆಯೇ ನಿಂತರು. ಮರುಚಣ ಅವರ ಗಂಟಲಿನಿಂದ ಒಂದು ಬಿಕ್ಕು ಬಂತು. ಅವರು ಸೆರಗು ಬಾಯಿಗೆ ತುರುಕಿಕೊಂಡ ಮೇಲೂ ಇನ್ನೊಂದು ಬಂತು, ಮತ್ತೆ ತಡೆಯಲಾರದೆ ಅತ್ತರು.

ಮಹಾರಾಜರ ಬೊಗಸೆ ಬಿಚ್ಚಿತು. ರೊಟ್ಟಿಯ ತುಣುಕು ಕೆಳಗಿನ ಪಾತ್ರೆಗೆ ಬಿತ್ತು. ಅವರ ಮುಖದಲ್ಲಿ ಬೇಸರವಿರಲಿಲ್ಲ, ಏನೂ ಇರಲಿಲ್ಲ. ಕೈ ತೊಳೆದುಕೊಂಡು, ನವಿಲುಗರಿಯ ಪಿಂಛಿ ಎತ್ತಿಕೊಂಡು, ಅತ್ತೆಯ ಕಡೆ ಪಿಂಛಿ ಎತ್ತಿ ಆಶೀರ್ವಾದ ಮಾಡಿ ಹೊರಟುಹೋದರು. ಅವರ ಹೊಟ್ಟೆಗೆ ಹೋದದ್ದು ಸ್ವಲ್ಪ ನೀರು, ಎರಡು ಗುಟುಕು ಹಾಲು, ಒಂದು ತುತ್ತು ರೊಟ್ಟಿ.

ಬೀದಿಯವರಿಗೆ ಗೊತ್ತಾದದ್ದು ಇಷ್ಟೇ, ಬಹಳ ಬೇಗ ಹೊರಬಂದರು, ಅಂತರಾಯವಾಯಿತು. ಯಾಕೆ ಎಂದು ಯಾರೂ ಕೇಳಲಿಲ್ಲ. ಕೇಳುವ ಗರಜೇ ಇರಲಿಲ್ಲ. ರಾಕ್ಷಸರ ಮನೆ ಎಂದು ಒಬ್ಬರು ಅಂದರೆ ಇನ್ನೊಬ್ಬರು ಹೂಂ ಅಂದರು. ಅಷ್ಟರಲ್ಲಿ ನನ್ನ ಗಂಡ ಬಂದವರೇ, ಹುಡುಗರು ಯಾರೋ ತಮ್ಮ ಕಣ್ಣು ತಪ್ಪಿಸಿ ಬಂದು ಕೂಗಿರಬೇಕೆಂದು ತಿಳಿದು, ಅಟ್ಟದಿಂದ ಆ ಕ್ಯಾಸೆಟ್ಟು ಇಳಿಸಿ, ಕಲ್ಲಿನ ಮೇಲಿಟ್ಟು ಜಜ್ಜಲು ಒರಳ ಗುಂಡು ಎತ್ತಿದರು. ಕಟ್ಟೆಯ ಮುಂದೆ ಅರ್ಧ ಬೀದಿ ಸೇರಿತ್ತು. ನೆಗೆಣ್ಣಿಯೂ ಇದ್ದಳು. ನಾನು ಬಾಯಿ ತೆರೆಯಬಹುದಿತ್ತು. ತೆರೆದರೆ ಅತ್ತೆಯ ಮಾನ ಹೋಗುತ್ತಿತ್ತು. ಉಗುಳಲೂ ಆಗದೆ ನುಂಗಲೂ ಆಗದೆ ನಿಂತೆ.

ಅತ್ತೆ ಗೋಡೆ ಹಿಡಿದುಕೊಂಡು ಹೊರಗೆ ಬಂದರು.

“ಇಡೋ ಅದನ್ನ,” ಎಂದರು ಮಗನಿಗೆ. “ಅವು ಏನೂ ಮಾಡಿಲ್ಲ. ಅತ್ತಾಕಿ ನಾ.”

ನೆಗೆಣ್ಣಿಯೇ ಮುಂದೆ ಬಂದು, “ಯಾಕ್ರಿ ಅತ್ತಿ?” ಎಂದು ಕೇಳಿದಳು.

“ಅವರ ಕೈ ಕಂಡ್ವು. ಬರೇ ಎಲಬು. ಎಷ್ಟ ಹಸದಿದ್ದಾರೋ ಅನಿಸ್ತು, ತಡೀಲಿಲ್ಲ.” ಗೋಡೆಗೆ ಒರಗಿ ಮತ್ತೆ ಅಂದರು. “ಹಸದಾರಂತ ಅಳಾಕ ಹೋಗಿ ಅವರನ್ನ ಹಸದ ಕಳಿಸಿದೆ.”

ಉಪಾಧ್ಯರು ಸಂಜೆಗೆ ಬಂದು ಸಮಾಧಾನ ಹೇಳಿದರು. ಅದು ಶೋಕದ ಅಳುವಲ್ಲ, ಕರುಣೆಯ ಅಳು, ಪಾಪವಿಲ್ಲ ಎಂದರು. ಪಾಪದ ಮಾತು ಅತ್ತೆಗೆ ಬೇಕಾಗಿರಲಿಲ್ಲ. ನಾಳೆ ಮಹಾರಾಜರು ಉಂಡ ಸುದ್ದಿ ಬರುವ ತನಕ ತಮ್ಮ ಬಾಯಿಗೆ ನೀರು ಬೇಡ ಎಂದು ಹೇಳಿ ಪಡಸಾಲೆಯಲ್ಲಿ ಚಾಪೆ ಹಾಕಿಕೊಂಡರು. ಹೊತ್ತು ಮುಳುಗಿದ ಮೇಲೆ ನಮ್ಮವರು ಏನೂ ಮುಟ್ಟುವುದಿಲ್ಲ; ಅದಕ್ಕೂ ಮುಂಚೆ ಒಂದು ಗುಟುಕಾದರೂ ಕುಡಿಯಿರಿ ಎಂದು ಎಷ್ಟು ಬೇಡಿಕೊಂಡರೂ ತಲೆ ಅಲ್ಲಾಡಿಸಿದರು. ಬೆಳಗಾಗುವಷ್ಟರಲ್ಲಿ ತುಟಿ ಒಡೆದಿತ್ತು, ಕೂತವರಿಗೆ ತಲೆ ತಿರುಗುತ್ತಿತ್ತು. ನನಗೆ ಭಯವಾಯಿತು. ಆಹಾರದ ಹೊತ್ತು ಆಗುತ್ತಲೂ ಗಂಡನನ್ನು ಮಹಾರಾಜರ ಹಿಂದೆ ಕಳಿಸಿದೆ.

ಅವರು ಬಹಳ ಹೊತ್ತಿನ ಮೇಲೆ ಹಿತ್ತಲ ಬಾಗಿಲಿನಿಂದ ಬಂದರು. ಮುಖ ನೋಡಿಯೇ ನಾನು ಅವರನ್ನು ಅಡುಗೆಮನೆಗೆ ಎಳೆದುಕೊಂಡೆ.

“ಎಲ್ಲೂ ನಿಂದರಲಿಲ್ಲ,” ಎಂದು ಪಿಸುಗುಟ್ಟಿದರು. “ಊರ ತುಂಬ ತಿರಗಿ ಬಸದಿಗೆ ಹ್ವಾದ್ರು. ಇವತ್ತೂ ಉಪವಾಸ.”

“ಅತ್ತಿಗೆ ಏನ ಹೇಳೂದ್ರಿ?”

ಇನ್ನೊಂದು ದಿನ ನೀರಿಲ್ಲದೆ ಆ ಜೀವ ತಡೆಯುವ ಹಾಗಿರಲಿಲ್ಲ. ಹೇಳದೆ ಇರುವ ಹಾಗೂ ಇರಲಿಲ್ಲ, ಅವರು ಆಗಲೇ ಪಡಸಾಲೆಯಿಂದ, “ಬಂದಾನೇನ?” ಎಂದು ಕೇಳುತ್ತಿದ್ದರು. ನಾವು ಅಡುಗೆಮನೆಯಲ್ಲಿ ಗೋಡೆಗೆ ಒರಗಿ ನಿಂತಿರುವಾಗಲೇ ಬೀದಿಯ ಬಾಗಿಲು ದಾಟಿ ನೆಗೆಣ್ಣಿ ಬಂದಳು. ಮಡಿಸೀರೆಯಲ್ಲೇ ಇದ್ದಳು, ಕೈಯಲ್ಲಿ ಒಂದು ತಂಬಿಗೆ ನೀರು. ಸುಳ್ಳು ಹೇಳದ ವ್ರತವನ್ನು ಆ ಚಾತುರ್ಮಾಸದಲ್ಲಿ ಮಹಾರಾಜರ ಮುಂದೆಯೇ ತೆಗೆದುಕೊಂಡಿದ್ದಳು. ಅದನ್ನು ಊರಿಗೆಲ್ಲ ಹೇಳಿಕೊಂಡು ಬಂದಾಗ ನಾನು ಮೂಗು ಮುರಿದಿದ್ದೆ.

ಆಕೆ ಅತ್ತೆಯ ಪಕ್ಕದಲ್ಲಿ ಕೂತಳು. ನಾನು ಬಾಗಿಲಿಗೆ ಬಂದು ನಿಂತೆ.

“ಅತ್ತಿ, ಮಹಾರಾಜ್ರು ಉಂಡ್ರು. ನಮ್ಮ ಬಾಗಲದಾಗ ನಿಂತ್ರು. ನೀರ ಕುಡೀರಿ.”

“ಖರೇನ?”

“ಖರೇ ರಿ.”

“ಹೊಟ್ಟಿ ತುಂಬ ಉಂಡ್ರೇನ?”

ನೆಗೆಣ್ಣಿ ತಲೆ ಎತ್ತಿ ಒಮ್ಮೆ ನನ್ನ ಕಡೆ ನೋಡಿದಳು. ನನಗೆ ಗೊತ್ತಿದೆ ಎಂಬುದು ಆಕೆಗೆ ಗೊತ್ತಾಯಿತು.

“ಹೊಟ್ಟಿ ತುಂಬ ಉಂಡ್ರು ಅತ್ತಿ” ಎಂದು ತಂಬಿಗೆಯನ್ನು ಅವರ ತುಟಿಗೆ ಹಿಡಿದಳು.